ಬಸವಸಾಗರದ ಹಿನ್ನೀರಿಗೆ ಹಳೆಯ ಎಂಜಿನ್ ದೋಣಿಯಲ್ಲಿ ಹೋಗುವವರಿಗೆ

ಸುರಪುರದಿಂದ ಹುಣಸಗಿ, ಕೊಡೇಕಲ್ ದಾಟಿ ನಾರಾಯಣಪುರಕ್ಕೆ ಹೋಗುವ ದಾರಿಯಲ್ಲಿ ಬೈಕ್ ಗ್ಯಾರೇಜುಗಳಿವೆ. ದೋಣಿ ಎಂಜಿನ್ನಿಗೆ ತಂಪಿನ ನೀರೆತ್ತುವ ರಬ್ಬರ್ ಚಕ್ರವಾದ ಇಂಪೆಲ್ಲರ್ ಆಗಲಿ, ಪ್ರೊಪೆಲ್ಲರನ್ನು ಹಿಡಿದಿಡುವ ಶಿಯರ್ ಪಿನ್ ಆಗಲಿ ಅಲ್ಲಿ ಸಿಕ್ಕೀತೆಂದು ನಂಬಿ ಹೊರಡಬೇಡಿ. ಬೇಕಾದದ್ದನ್ನೆಲ್ಲ ಮನೆಯಿಂದಲೇ ಒಯ್ಯಬೇಕು: ಎರಡು ಸ್ಪಾರ್ಕ್ ಪ್ಲಗ್, ಪ್ಲಗ್ ಪಾನಾ, ನಾಲ್ಕು ಶಿಯರ್ ಪಿನ್, ಸ್ಪ್ಲಿಟ್ ಪಿನ್, ಒಂದು ಮೀಟರ್ ಪೆಟ್ರೋಲ್ ಪೈಪು, ಕ್ಲಿಪ್ಪುಗಳು, ಸ್ಟಾರ್ಟರ್‌ಗೆ ಹೊಂದುವ ಹಗ್ಗ. ಜೊತೆಗೆ ಎರಡು ಹುಟ್ಟು, ಲಂಗರು, ಎಲ್ಲರಿಗೂ ಲೈಫ್ ಜಾಕೆಟ್. ಬಸವಸಾಗರವೆಂದರೆ ನಾರಾಯಣಪುರದ ಅಣೆಕಟ್ಟೇ, ಅದು ಕೃಷ್ಣಾ ಭಾಗ್ಯ ಜಲ ನಿಗಮದ್ದು. ದೋಣಿ ಇಳಿಸುವ ಮೊದಲು ಅಲ್ಲಿನ ಕಚೇರಿಯಲ್ಲಿ ಅನುಮತಿ ಕೇಳಿ, ಗೇಟುಗಳ ಕಡೆ ಸುಳಿಯಲೇಬೇಡಿ.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಆಲಮಟ್ಟಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಿನ್ನೀರಿನ ಸೆಳೆತ ಏಕಾಏಕಿ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದು ಬಂಡೆ, ಮುಳುಗಿದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಅದರ ಮೇಲೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಹಳೆಯ ಎಂಜಿನ್ನಿಗೆ ನವೆಂಬರ್‌ನಿಂದ ಜನವರಿ ಹಿತ.

ದೋಣಿಯ ಹಿಂಬದಿಗೆ ಸಿಕ್ಕಿಸುವ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಹಳೆಯ ಟೂ-ಸ್ಟ್ರೋಕ್ ಎಂಜಿನ್ ಚಾಲೂ ಆಗದಿದ್ದರೆ ಬಹುಪಾಲು ದೋಷ ಎಂಜಿನ್ನಿನ ಒಳಗಿರುವುದಿಲ್ಲ. ಆದ್ದರಿಂದ ಮೊದಲು ಹೊರಗಿನದನ್ನು ನೋಡಿ. ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ಕ್ಲಿಪ್ ಕೂತಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ಬಿಚ್ಚಿದೆಯೇ? ಈ ತಿರುಪನ್ನು ಮರೆತರೆ ಎಂಜಿನ್ ಮೊದಲು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಪೆಟ್ರೋಲ್ ಬರುವುದು ನಿಂತು, ದಡದಿಂದ ದೂರ ಹೋದ ಮೇಲೆ ಬಂದ್ ಬೀಳುತ್ತದೆ. ಮುಚ್ಚಳ ಬಿಚ್ಚಿದಾಗ 'ಸುಂಯ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ಕಾರಣ ಸಿಕ್ಕಿತೆಂದೇ ಅರ್ಥ.

ಮುಂದೆ, ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಹಿಚುಕುವ ರಬ್ಬರ್ ಬಲ್ಬು. ಅದರ ಬಾಣ ಎಂಜಿನ್ ಕಡೆಗಿರಬೇಕು. ಹಿಚುಕುವಾಗ ಬಾಣ ಮೇಲ್ಮುಖವಾಗಿರುವಂತೆ ಬಲ್ಬನ್ನು ನಿಲ್ಲಿಸಿ ಹಿಡಿಯಿರಿ. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಪೈಪಿನಲ್ಲೋ ಜೋಡಣೆಯಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಕೆಟ್ಟಿದೆ. ಗಟ್ಟಿಯಾದರೂ ಎಂಜಿನ್ ಏಳದಿದ್ದರೆ ಕಾರ್ಬೊರೇಟರ್ ಅಥವಾ ಕಿಡಿಯ ಕಡೆ ಹೋಗಿ. ಓಡುತ್ತ ಓಡುತ್ತ ಸಾಯತೊಡಗಿದಾಗ ಬಲ್ಬು ಹಿಚುಕಿದರೆ ಚೇತರಿಸಿಕೊಳ್ಳುತ್ತದೆಯೇ? ಹಾಗಾದರೆ ಪೆಟ್ರೋಲ್ ಪಂಪಿನ ಪೊರೆ ಸಡಿಲಾಗಿರಬಹುದು, ಫಿಲ್ಟರ್ ಕಟ್ಟಿರಬಹುದು. ದಡ ಸೇರುವವರೆಗೆ ಒಬ್ಬರು ಬಲ್ಬು ಹಿಚುಕುತ್ತಲೇ ಕೂರಬಹುದು. ದುರಸ್ತಿ ದಡದಲ್ಲೇ ಮಾಡಿ.

ಇನ್ನು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ತಲುಪಿಲ್ಲ. ತೊಯ್ದಿದ್ದರೆ ಹೆಚ್ಚಾಗಿದೆ, ಅಥವಾ ಕಿಡಿ ಇಲ್ಲ. ಪ್ಲಗ್ ತೊಯ್ದಿದ್ದರೆ ಚೋಕ್ ಆಫ್ ಮಾಡಿ, ಪೆಟ್ರೋಲ್ ಪೈಪು ಕಳಚಿ, ಪ್ಲಗ್ ವೈರಿನ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಒತ್ತಿಟ್ಟು ಹಗ್ಗವನ್ನು ಎಂಟು ಹತ್ತು ಸಲ ಎಳೆಯಿರಿ. ವೈರನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಎಳೆದರೆ ಕಿಡಿ ಹುಟ್ಟಿಸುವ ಸಿಡಿಐ ಪೆಟ್ಟಿಗೆ ಹಾಳಾಗಬಹುದು, ಆವಿಗೆ ಬೆಂಕಿಯೂ ತಗುಲಬಹುದು. ಪೆಟ್ರೋಲ್ ವಾಸನೆ ಹೋದ ಮೇಲೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ನಿಗೆ ತಾಗಿಸಿ ಎಳೆದರೆ ನೀಲಿ ಕಿಡಿ ಬರಬೇಕು. ಹೊಸ ಪ್ಲಗ್ಗಿಗೂ ಬರದಿದ್ದರೆ ಕಾಯಿಲ್, ವೈರು, ಕಿಲ್ ಸ್ವಿಚ್ಚು ಪರೀಕ್ಷಿಸಬೇಕು. ಎನ್‌ಜಿಕೆ ಕಂಪನಿಯ ಪ್ಲಗ್ಗಿನ ಸಂಖ್ಯೆಯ ಕೊನೆಗೆ -10 ಇದ್ದರೆ ಕಿಡಿ ಹಾರುವ ಗ್ಯಾಪ್ 1.0 ಮಿ.ಮೀ. ಬೈಕಿನ ಪ್ಲಗ್ ಹಾಕುವುದಾದರೆ ತಿರುಪಿನ ಉದ್ದ ಹೊಂದಿಸಿ ನೋಡಿ. ಉದ್ದವಾದದ್ದು ಪಿಸ್ಟನ್‌ಗೆ ಬಡಿಯುತ್ತದೆ.

ಪೆಟ್ರೋಲ್ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನೂ ಪಂಪಿನ ಪೊರೆಯನ್ನೂ ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಉಳಿದದ್ದನ್ನು ಬಳಸಬೇಡಿ. ಕಾರ್ಬೊರೇಟರಿನ ಬಟ್ಟಲಿನಿಂದ ಸ್ವಲ್ಪ ಗಾಜಿನ ಲೋಟಕ್ಕೆ ಇಳಿಸಿ, ತಳದಲ್ಲಿ ಮುತ್ತಿನಂತೆ ನೀರು ಕೂತರೆ ಅದೇ ರೋಗ. ಬೆರೆಸುವ ಎಣ್ಣೆಯ ಅಳತೆ 50ಕ್ಕೆ 1 ಎಂದಿದ್ದರೆ ಐದು ಲೀಟರ್ ಪೆಟ್ರೋಲಿಗೆ 100 ಮಿ.ಲೀ., 25ಕ್ಕೆ 1 ಎಂದಿದ್ದರೆ 200. ಯಾವುದೆಂಬುದು ಎಂಜಿನ್ನಿನ ಕೈಪಿಡಿಯ ಮಾತು. ಬಿಸಿಲಿಗೆ ಬಿಟ್ಟ ಟ್ಯಾಂಕ್ ಒತ್ತಡ ಕಟ್ಟುತ್ತದೆ. ಒದ್ದೆ ಗೋಣಿಚೀಲ ಹೊದಿಸಿ.

ನಿಧಾನ ಓಟದಲ್ಲಿ ಅಥವಾ ಗೇರ್ ಹಾಕಿದೊಡನೆ ಬಂದ್ ಬಿದ್ದರೆ ಕಾರ್ಬೊರೇಟರಿನಲ್ಲಿ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ಟಿನಲ್ಲಿ ಕಚರಾ ಸಿಕ್ಕಿದೆ, ಇಲ್ಲವೇ ಪ್ರೊಪೆಲ್ಲರಿಗೆ ಮೀನುಬಲೆ ಸುತ್ತಿದೆ. ಬಲೆ ಬಿಡಿಸುವ ಮುಂಚೆ ಎಂಜಿನ್ ಬಂದ್ ಮಾಡಿ, ಕಿಲ್ ಕ್ಲಿಪ್ ಕಿತ್ತುಕೊಳ್ಳಿ. ಎಂಜಿನ್ ಜೋರಾಗಿ ಕೂಗುತ್ತಿದ್ದರೂ ದೋಣಿ ಅಲುಗದಿದ್ದರೆ ಶಿಯರ್ ಪಿನ್ ಮುರಿದಿದೆ. ಗೇರ್ ಉಳಿಸಲೆಂದೇ ಮುರಿಯುವ ಪಿನ್ ಅದು. ಅದರ ಜಾಗಕ್ಕೆ ಮೊಳೆ ಹೊಡೆದು ಓಡಿಸಬೇಡಿ.

ಎಂಜಿನ್ ಓಡುವಾಗ ಅದನ್ನು ತಂಪು ಮಾಡಿದ ನೀರಿನ ಧಾರೆ ಹಿಂದಿನಿಂದ ಚಿಮ್ಮುತ್ತಿರಬೇಕು. ಎರೆಮಣ್ಣಿನ ಕೆಸರು, ಪಾಚಿ ಸೇರಿ ನೀರಿನ ಜಾಲರಿ ಕಟ್ಟಿದರೆ ಧಾರೆ ಸಣ್ಣದಾಗುತ್ತದೆ. ಆ ಕ್ಷಣವೇ ಬಂದ್ ಮಾಡಿ, ಜಾಲರಿ ತೊಳೆಯಿರಿ. ದಡದ ಮೇಲೆ ನೀರಿಲ್ಲದೆ ಓಡಿಸಿ ನೋಡುವ ಅಭ್ಯಾಸ ಬಿಡಿ. ರಬ್ಬರ್ ಇಂಪೆಲ್ಲರ್ ಕ್ಷಣಗಳಲ್ಲಿ ಸುಡುತ್ತದೆ. ಡ್ರಮ್ಮಿನಲ್ಲಿ ನೀರು ತುಂಬಿ, ಜಾಲರಿ ಮುಳುಗುವಂತೆ ಇಟ್ಟು ಓಡಿಸಿ.

ವಾಪಸ್ ಬಂದ ಮೇಲೆ ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಡ್ರಮ್ಮಿನಲ್ಲಿ ಓಡಿಸಿ ಬಟ್ಟಲು ಬರಿದು ಮಾಡಿ. ಗೇರ್ ಎಣ್ಣೆಯ ತಿರುಪು ಸಡಿಲಿಸಿ ನೋಡಿದಾಗ ಹಾಲಿನಂತೆ ಬೆಳ್ಳಗೆ ಬಂದರೆ ಸೀಲ್ ಸೋರಿ ನೀರು ಒಳಹೊಕ್ಕಿದೆ. ಆ ಸೀಲ್ ಬದಲಿಸದೆ ಎಂಜಿನ್ನನ್ನು ಮತ್ತೆ ನೀರಿಗೆ ಇಳಿಸಬಾರದು.