ಪೈಪಿನ ಮೇಲೆ 10 ಕೆಜಿ ಅಂತ ಬರೆದಿತ್ತು

ಹೋದ ತಿಂಗಳು ನಮ್ಮ ಯೂನಿಟ್‌ನಲ್ಲಿ ಹೊಸ ಅಸೆಂಬ್ಲಿ ಲೈನಿಗೆ ಏರ್ ಲೈನ್, ಅಂದರೆ ಕಂಪ್ರೆಸರ್‌ನ ಒತ್ತಿದ ಗಾಳಿ ಸಾಗಿಸುವ ಪೈಪು, ಎಳೆಯುವ ಮಾತು ಬಂತು. ನಾನು ಜಿಐ (ಸತುವಿನ ಲೇಪದ ಕಬ್ಬಿಣದ ಪೈಪು), ಬಿ ಕ್ಲಾಸ್ (ಮಧ್ಯಮ ದಪ್ಪದ್ದು) ಅಂತ ಇಂಡೆಂಟ್ ಹಾಕಿದ್ದೆ. ಮೀಟಿಂಗ್‌ನಲ್ಲಿ ಪರ್ಚೇಸ್‌ನವರು ಆ ಹಾಳೆ ಹಿಡಿದುಕೊಂಡು, "ಪಿವಿಸಿ ಹಾಕ್ಬಿಡಿ ಸಾರ್, ಅರ್ಧ ರೇಟಿಗೆ ಮುಗಿಯತ್ತೆ. 10 ಕೆಜಿ ಅಂತ ಪೈಪ್ ಮೇಲೇ ಬರೆದಿರತ್ತಲ್ಲ, ನಮ್ದು ಇರೋದೇ 7" ಅಂದರು. ಮ್ಯಾನೇಜರ್ ಹೌದೆಂದು ತಲೆಯಾಡಿಸಿದರು. ಕೆಜಿ ಅಂದರೆ ಇಲ್ಲಿ ತೂಕವಲ್ಲ, ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಒತ್ತಡ.

ನಾನು ತಕ್ಷಣ ಬಾಯಿ ಬಿಡಲಿಲ್ಲ. ಇದೇ ಮಾತನ್ನು ನಾಲ್ಕು ವರ್ಷದ ಹಿಂದೆ ನಾನೇ ಆಡಿದ್ದೆ. ನಮ್ಮ ಮೇಸ್ತ್ರಿಯ ಮುಂದೆ.

ಹಗಲು ಪೀಣ್ಯದಲ್ಲಿ ಮೇಂಟೆನೆನ್ಸ್, ಸಂಜೆ ಮತ್ತು ಭಾನುವಾರ ಮನೆ ಹಿಂದಿನ ಶೀಟ್ ಶೆಡ್‌ನಲ್ಲಿ ಜಾಬ್ ವರ್ಕ್. ಗ್ರಿಲ್ಲು, ಸ್ಟ್ಯಾಂಡು, ಒಂದಿಷ್ಟು ಸ್ಪ್ರೇ ಪೇಂಟಿಂಗ್. ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಒಂದು ಸಿಕ್ಕಿತ್ತು, 3 ಎಚ್‌ಪಿ, 220 ಲೀಟರ್ ಟ್ಯಾಂಕು. ಲೈನಿಗೆ ಮಾತ್ರ ಕೈಯಲ್ಲಿ ದುಡ್ಡಿರಲಿಲ್ಲ. ಮನೆಗೆ ಬೋರ್ ಲೈನ್ ಹಾಕಿಸಿದಾಗ ಉಳಿದಿದ್ದ ಬೂದು ಪಿವಿಸಿ ಎರಡು ಲೆಂತ್ ಮಹಡಿ ಮೇಲೆ ಬಿದ್ದಿತ್ತು. ಒಂದಿಂಚು, 40 ಅಡಿ, ನನ್ನ ಶೆಡ್ಡಿಗೆ ಅಳತೆ ಮಾಡಿಸಿದ ಹಾಗೆ.

ಮೇಸ್ತ್ರಿ ಕೇಳಿ ಮುಖ ಸಿಂಡರಿಸಿದರು. "ಗಾಳಿಗೆ ಪಿವಿಸಿ ಬೇಡಪ್ಪಾ. ನೀರಿನ ಪೈಪ್ ಅದು."

"ಟೆಸ್ಟ್ ಮಾಡೇ ಹಾಕ್ತೀನಿ ಬಿಡಿ ಮೇಸ್ತ್ರಿ."

ಹೇಳಿದ ಹಾಗೆ ಟೆಸ್ಟ್ ಮಾಡಿದೆ ಕೂಡ. ಕಂಪನಿಯ ಹ್ಯಾಂಡ್ ಪಂಪ್ ಶನಿವಾರ ಮನೆಗೆ ತಂದು, ಲೈನ್ ತುಂಬ ನೀರು ಹಿಡಿದು, 15 ಕೆಜಿಗೆ ಏರಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಗೇಜಿನ ಮುಳ್ಳು ಅಲ್ಲೇ ಇತ್ತು. ಫೋಟೋ ತೆಗೆದು ಮೇಸ್ತ್ರಿಗೆ ಕಳಿಸಿದೆ. ಅವರು ಉತ್ತರ ಕೊಡಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಹನ್ನೊಂದು ತಿಂಗಳು ಏನೂ ಆಗಲಿಲ್ಲ. ನನ್ನನ್ನು ಹಾಳು ಮಾಡಿದ್ದು ಈ ಹನ್ನೊಂದು ತಿಂಗಳೇ.

ಏಪ್ರಿಲ್‌ನ ಒಂದು ಸಂಜೆ. ಶೀಟಿನ ಕೆಳಗೆ ಹಗಲಿನ ಕಾವು ಇನ್ನೂ ಕೂತೇ ಇತ್ತು. ನಾನು ಬಾಗಿಲ ಹತ್ತಿರ ಒಂದು ಫ್ರೇಮ್ ಉಜ್ಜುತ್ತಿದ್ದೆ. ಸಹಾಯಕ್ಕೆ ಬರುತ್ತಿದ್ದ ಹುಡುಗ ಕೆಳಗೆ ಬಿದ್ದ ಡ್ರಿಲ್ಲಿನ ಚಕ್ ಕೀ ಎತ್ತಿಕೊಳ್ಳಲು ಬಗ್ಗಿದ. ಕಂಪ್ರೆಸರ್ ಟ್ಯಾಂಕು ತುಂಬಿ ತಾನೇ ಕಟ್ ಆಫ್ ಆಗಿ ಐದು ನಿಮಿಷವೂ ಆಗಿರಲಿಲ್ಲ. ಆಗ ಢಮ್ ಅಂತು. ಲಕ್ಷ್ಮಿ ಪಟಾಕಿಯನ್ನು ಕೊಳಗದೊಳಗೆ ಹಚ್ಚಿದ ಹಾಗೆ. ಹಿಂದೆಯೇ ಕಿವಿ ಹರಿಯುವ ಕೀರಲು ಸದ್ದು. 220 ಲೀಟರ್ ಟ್ಯಾಂಕಿನಲ್ಲಿ 8 ಕೆಜಿ ಅಂದರೆ ಹೊರಗೆ ಬಂದಾಗ ಸುಮಾರು 1,700 ಲೀಟರ್ ಗಾಳಿ. ಅದೆಲ್ಲ ಒಂದು ಮುರಿದ ಎಲ್ಬೋದಿಂದ (ಪೈಪು ತಿರುಗುವ ಜಾಗದ ಬೆಂಡು) ಹೊರಡುತ್ತಿತ್ತು. ಧೂಳೆದ್ದು ಹುಡುಗ ಕಾಣಲಿಲ್ಲ.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಹುಡುಗನ ಕಡೆ ಹೋಗುವ ಬದಲು ಕಂಪ್ರೆಸರ್ ಕಡೆ ಹೆಜ್ಜೆ ಹಾಕಿದೆ. ಹದಿನೈದು ವರ್ಷದ ಮೇಂಟೆನೆನ್ಸ್ ಅಭ್ಯಾಸ, ವಾಲ್ವ್ ಮುಚ್ಚಬೇಕು ಅನ್ನೋದೊಂದೇ ತಲೆಯಲ್ಲಿ. ಟ್ಯಾಂಕಿನ ಬಾಲ್ ವಾಲ್ವ್ ಇದ್ದದ್ದು ಒಡೆದ ಎಲ್ಬೋದ ಕೆಳಗೇ. ಎರಡು ಹೆಜ್ಜೆ ಇಟ್ಟಿರಬಹುದು, ಅಷ್ಟರಲ್ಲಿ ಪ್ರೆಶರ್ ಇಳಿದು ಕಟ್ ಇನ್ ಆಯಿತು. ಮೋಟಾರ್ ತನ್ನಷ್ಟಕ್ಕೇ ಶುರುವಾಯಿತು. ಒಡೆದ ಲೈನಿಗೆ ಮತ್ತೆ ಗಾಳಿ ತುಂಬುತ್ತಿದೆ! ಸ್ಟಾರ್ಟರ್ ಕೂಡ ಅದೇ ಮೂಲೆಯಲ್ಲಿ. ಅಲ್ಲಿಂದ ತಿರುಗಿ ಮನೆಯೊಳಗೆ ಓಡಿ ಮೇನ್ ಕೆಳಗೆಳೆದೆ. ಅಡುಗೆ ಮನೆಯಲ್ಲಿ ಮಿಕ್ಸಿ ನಿಂತಿತು. "ಏನ್ರೀ ಅದು?" ಅಂದಳು ಹೆಂಡತಿ. ಪಕ್ಕದ ಮನೆ ಆಂಟಿ ಕಾಂಪೌಂಡಿನಿಂದ, "ಸಿಲಿಂಡರ್ ಹೋಯ್ತೇನಪ್ಪಾ?" ಅಂತ ಕೂಗುತ್ತಿದ್ದರು.

ವಾಪಸ್ ಹೋದಾಗ ಹುಡುಗ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಒಂದು ಗೀರೂ ಇಲ್ಲ. "ಅಣ್ಣಾ, ಏನೂ ಕೇಳಿಸ್ತಿಲ್ಲ" ಅಂದ. ಅರ್ಧ ಗಂಟೆಯ ಮೇಲೆ ಕೇಳಿಸಿತು. ಅವನ ಹಿಂದಿದ್ದ ಪ್ಲೈವುಡ್ ಬೋರ್ಡಿಗೆ ಬೆರಳುದ್ದದ ಬೂದು ಚೂರೊಂದು ನೆಟ್ಟಿತ್ತು. ನಾನು ಟೇಪ್ ತೆಗೆದು ನೆಲದಿಂದ ಅಳೆದೆ. ಯಾಕೆ ಅಳೆದೆನೋ ಗೊತ್ತಿಲ್ಲ. ನಾಲ್ಕಡಿ ಎಂಟಿಂಚು. ಹುಡುಗನ ಎತ್ತರ ಐದಡಿ ಚಿಲ್ಲರೆ.

ಆ ರಾತ್ರಿ ಮೇಸ್ತ್ರಿಗೆ ಫೋನ್ ಮಾಡಿದೆ. ಬೈಯಲಿಲ್ಲ. "ನೀರಿಗೆ ಸ್ಪ್ರಿಂಗ್ ಇಲ್ಲ ಕಣಪ್ಪಾ" ಅಂದರು, ಅಷ್ಟೇ. ನನ್ನ ಟೆಸ್ಟಿನಲ್ಲಿ ಪೈಪು ಒಡೆದಿದ್ದರೆ ಅರ್ಧ ಲೋಟ ನೀರು ಚಿಮ್ಮಿ ಗೇಜ್ ಸೊನ್ನೆಗೆ ಬೀಳುತ್ತಿತ್ತು. ನೀರು ಒತ್ತಿದರೆ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಗಾಳಿ ಹಾಗಲ್ಲ. ಕುಗ್ಗಿ ಕೂತಿರುತ್ತದೆ, ಜಾಗ ಸಿಕ್ಕ ಕೂಡಲೇ ಪೈಪಿನ ಚೂರನ್ನೂ ಹೊತ್ತುಕೊಂಡು ಹೊರಡುತ್ತದೆ. ಪೈಪಿನ ಮೇಲಿನ ಆ 10 ಕೆಜಿ ಸುಳ್ಳಲ್ಲ. ಅದು ನೀರಿಗೆ, ಅದೂ 27 ಡಿಗ್ರಿಯಲ್ಲಿ. ನನ್ನ ಎಲ್ಬೋ ಇದ್ದದ್ದು ಕಂಪ್ರೆಸರ್ ಬಾಯಲ್ಲೇ. ಬಿಸಿ ಗಾಳಿ, ಅದರ ಜೊತೆ ಬರುವ ಆಯಿಲ್, ದಿನವಿಡೀ ನಡುಕ. ಮಧ್ಯೆ ಒಂದು ಅಡಿ ರಬ್ಬರ್ ಹೋಸ್ ಕೂಡ ಹಾಕಿರಲಿಲ್ಲ. ಸಿಪಿವಿಸಿ (ಬಿಸಿ ನೀರಿಗೆ ಹಾಕುವ ಪಿವಿಸಿ) ಹಾಕಬಹುದಾ ಅಂತ ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಬೇಡ, ಅದೂ ಚೂರಾಗುವ ಜಾತಿಯೇ. ಗಾಳಿಗೆ ಅಂತಲೇ ಮಾಡಿದ ಪ್ಲಾಸ್ಟಿಕ್ ಪೈಪು ಬೇರೆ ಇದೆ, ಅದರ ಮಾತು ಬೇರೆ.

ಮುಂದಿನ ವಾರ ಜಿಐ ತಂದೆ. ಮುಕ್ಕಾಲಿಂಚು, ನೀಲಿ ಪಟ್ಟಿಯದು, ಅಂದರೆ ಬಿ ಕ್ಲಾಸ್. ಡೈ ಹಿಡಿದು ಥ್ರೆಡ್ ಹೊಡೆದು ಕೈಯೆಲ್ಲ ಬೊಬ್ಬೆ. ಇನ್ನು ಮುಗಿಯಿತು ಅಂದುಕೊಂಡರೆ, ಜುಲೈನಲ್ಲಿ ಒಬ್ಬರ ಗೇಟಿಗೆ ಪೇಂಟ್ ಹೊಡೆಯುವಾಗ ಗನ್ನಿನಿಂದ ಕಂದು ನೀರು ಬಂತು. ಬಿಳಿ ಗೇಟು, ಅದರ ತುಂಬ ಟೀ ಚೆಲ್ಲಿದ ಹಾಗೆ ಚುಕ್ಕೆ. ಅಷ್ಟನ್ನೂ ಉಜ್ಜಿ ಮತ್ತೆ ಹೊಡೆದುಕೊಟ್ಟೆ. ಆ ಜಾಬಿನಲ್ಲಿ ಉಳಿದದ್ದು ಸೊನ್ನೆ.

ಇದು ಪೈಪಿನ ತಪ್ಪಲ್ಲ, ನಾನು ಎಳೆದ ರೀತಿಯ ತಪ್ಪು. ಮಳೆಗಾಲದಲ್ಲಿ ಈ ಅಳತೆಯ ಕಂಪ್ರೆಸರ್ ಒಂದು ಗಂಟೆ ಬಿಡದೆ ಓಡಿದರೆ ಗಾಳಿಯಿಂದಲೇ ಕಾಲು ಲೀಟರಿನಷ್ಟು ನೀರು ಹಿಂಡುತ್ತದೆ. ಸ್ವಲ್ಪ ಟ್ಯಾಂಕಿನಲ್ಲಿ ನಿಲ್ಲುತ್ತದೆ, ಉಳಿದದ್ದು ತಣ್ಣಗಾಗುತ್ತಾ ಲೈನಿಗೆ ಬರುತ್ತದೆ. ನಾನು ಮೇನ್ ಪೈಪನ್ನು ಲೆವೆಲ್ ಟ್ಯೂಬ್ ಇಟ್ಟು ನೇರ ಎಳೆದಿದ್ದೆ, ಅದೊಂದು ಹೆಮ್ಮೆ ಬೇರೆ. ಡ್ರಾಪ್‌ಗಳನ್ನು, ಅಂದರೆ ಮೇನ್‌ನಿಂದ ಗನ್ನಿಗೆ ಇಳಿಯುವ ಕವಲು ಪೈಪುಗಳನ್ನು, ಟೀ ಜಾಯಿಂಟ್ ಕೆಳಮುಖ ಮಾಡಿ ಇಳಿಸಿದ್ದೆ. ಪೈಪಿನ ತಳದಲ್ಲಿ ಹರಿಯುವ ನೀರು, ತುಕ್ಕು ಎಲ್ಲಾ ಸೀದಾ ಗನ್ನಿಗೆ. ಕಂಪನಿಯ ಲೈನಿನಲ್ಲಿ ಡ್ರಾಪ್‌ಗಳು ಮೇನ್ ಪೈಪಿನ ಮೇಲಿನಿಂದ ಎದ್ದು, ಬಗ್ಗಿ, ಕೆಳಗಿಳಿಯುವುದನ್ನು ಹದಿನೈದು ವರ್ಷ ನೋಡಿದ್ದೇನೆ. ಯಾಕೆ ಹಾಗೆ ಅಂತ ಒಂದು ದಿನವೂ ಕೇಳಿರಲಿಲ್ಲ. ಎಲ್ಬೋ ಜಾಸ್ತಿ ಇತ್ತೇನೋ, ಸುಮ್ನೆ ಹಾಕಿದ್ದಾರೆ ಅಂದುಕೊಂಡಿದ್ದೆ.

ಬಿಚ್ಚಿ ಮತ್ತೆ ಕಟ್ಟಿದೆ. 40 ಅಡಿಗೆ ಐದಿಂಚು ಇಳಿಜಾರು, ಕೊನೆಯಲ್ಲಿ ಡ್ರೈನ್ ವಾಲ್ವ್. ಡ್ರಾಪ್ ಎಲ್ಲಾ ಮೇಲಿನಿಂದ, ಪ್ರತಿಯೊಂದರ ಕಾಲಿಗೂ ನೀರು ನಿಲ್ಲಲು ಒಂದು ಗೇಣು ಹೆಚ್ಚಿನ ಪೈಪು, ಅದನ್ನು ಹೊರಬಿಡಲು ಒಂದು ಕಾಕ್. ಫಿಲ್ಟರ್ ಗನ್ನಿನ ಹತ್ತಿರ, ಕಂಪ್ರೆಸರ್ ಹತ್ತಿರ ಅಲ್ಲ. ಬಿಸಿ ಗಾಳಿಯಲ್ಲಿ ನೀರು ಆವಿಯಾಗೇ ಇರುತ್ತದೆ, ಅಲ್ಲಿ ಫಿಲ್ಟರ್ ಏನನ್ನೂ ಹಿಡಿಯುವುದಿಲ್ಲ. ಸ್ಟಾರ್ಟರ್ ಈಗ ಬಾಗಿಲ ಪಕ್ಕ. ದುಡ್ಡಿದ್ದರೆ ಅಲ್ಯೂಮಿನಿಯಂ ಲೈನೇ ಹಾಕುತ್ತಿದ್ದೆ, ತುಕ್ಕಿಲ್ಲ, ಥ್ರೆಡ್ ಹೊಡೆಯುವ ಕಷ್ಟವೂ ಇಲ್ಲ.

ಇಷ್ಟನ್ನೂ ಆ ಮೀಟಿಂಗ್‌ನಲ್ಲಿ ಹೇಳಿದೆ. ಕಂಪನಿಯ ಪಂಪ್ ಮನೆಗೆ ಒಯ್ದದ್ದನ್ನು ಬಿಟ್ಟು. ಟೇಪ್ ಹಿಡಿದು ಅಳೆದದ್ದನ್ನು ಹೇಳುವಾಗ ಪರ್ಚೇಸ್‌ನವರು ಪೆನ್ನು ಕೆಳಗಿಟ್ಟರು. ಮ್ಯಾನೇಜರ್, "ಸರಿ, ಜಿಐನೇ ತರಿಸಿ" ಅಂದರು.

ನಿನ್ನೆ ಮಧ್ಯಾಹ್ನ ಗಾಡಿ ಬಂತು. ಟಾರ್ಪಾಲ್ ಸರಿಸಿ ನೋಡಿದೆ. ಎಲ್ಲದಕ್ಕೂ ಹಳದಿ ಪಟ್ಟಿ, ಎ ಕ್ಲಾಸ್, ಬಿಗಿಂತ ತೆಳು ಪೈಪು. "ಅದೂ ಜಿಐನೇ ಅಲ್ವಾ ಸಾರ್?" ಅಂದರು ಪರ್ಚೇಸ್‌ನವರು. ಗಾಡಿ ಗೇಟಿನಿಂದಲೇ ವಾಪಸ್ ಕಳಿಸಿದೆ. ಡ್ರೈವರ್ ವೇಟಿಂಗ್ ಚಾರ್ಜ್ ಕೇಳುತ್ತಿದ್ದಾನಂತೆ, ಅದನ್ನು ಯಾರ ತಲೆಗೆ ಕಟ್ಟುವುದು ಅಂತ ಈಗ ಇನ್ನೊಂದು ಮೀಟಿಂಗ್.