ಆಟದ ಕೋಣೆಗೆ ದೊಡ್ಡ ಪೆಟ್ಟಿಗೆ ಯಾಕೆ ಬೇಡ

ದೊಡ್ಡ ಮರದ ಪೆಟ್ಟಿಗೆ, ಮೇಲೊಂದು ಭಾರದ ಮುಚ್ಚಳ. ಮಕ್ಕಳ ಆಟದ ಸಾಮಾನು ಇಡೋಕೆ ಏನಾದರೂ ಬೇಕು ಅಂದರೆ ಎಲ್ಲರೂ ಮೊದಲು ತೋರಿಸುವುದು ಇದನ್ನೇ. ಎಲ್ಲ ಒಳಗೆ ಸುರಿದು ಮುಚ್ಚಿದರೆ ಕೋಣೆ ಚೊಕ್ಕ. ನನಗಂತೂ ಅದು ಬೇಡವೇ ಬೇಡ.

ಮಗುವಿಗೆ ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ. ನನ್ನ ಮಗನಿಗೆ ಹಳದಿ ಲಾರಿ ಬೇಕೆಂದರೆ ಅದರ ಮೇಲಿರುವುದೆಲ್ಲ ನೆಲಕ್ಕೆ ಬರಲೇಬೇಕು. ಲಾರಿ ಸಿಕ್ಕಮೇಲೆ ಮಿಕ್ಕಿದ್ದನ್ನು ಅವನು ತಿರುಗಿಯೂ ನೋಡುವುದಿಲ್ಲ. ಇನ್ನು ಮುಚ್ಚಳ. ಬಗ್ಗಿ ಹುಡುಕುವ ಮಗುವಿನ ತಲೆ, ಕುತ್ತಿಗೆ ಮೇಲೆ ಅದು ಬಿದ್ದು ಪ್ರಾಣ ಹೋದದ್ದೂ ಉಂಟು. ಮನೆಯಲ್ಲಿ ಇಂಥ ಪೆಟ್ಟಿಗೆ ಆಗಲೇ ಇದ್ದರೆ ಮುಚ್ಚಳವನ್ನು ಅರ್ಧಕ್ಕೆ ಎತ್ತಿ ಕೈಬಿಟ್ಟು ನೋಡಿ. ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದುಬಿಡಿ.

ಏನೇ ತರುವುದಿದ್ದರೂ ನಾನು ನೋಡುವುದು ಒಂದೇ: ಸಾಮಾನು ವಾಪಸ್ ಇಡುವುದು ಮಗುವಿಗೆ ಸುಲಭವೇ? ತೆಗೆಯೋಕೆ ಮಕ್ಕಳು ಎಷ್ಟು ಕಷ್ಟ ಬೇಕಾದರೂ ಪಡುತ್ತಾರೆ, ಕುರ್ಚಿ ಎಳೆದು ತಂದಾದರೂ ಸರಿ. ಇಡುವಾಗ ಒಂದು ಕ್ಲಿಪ್ ಒತ್ತಬೇಕೆಂದರೂ ಅಲ್ಲೇ ಬಿಟ್ಟು ಓಡುತ್ತಾರೆ. ಹಾಗಾಗಿ ನಮ್ಮಲ್ಲಿ ಈಗ ಇರುವುದು ಮಗಳ ಎದೆಯೆತ್ತರದ, ಬಾಗಿಲಿಲ್ಲದ ಶೆಲ್ಫ್. ಅದರಲ್ಲಿ ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಗಳು. ಆಳ ಒಂದು ಗೇಣಿಗಿಂತ ಕಡಿಮೆ, ಸುಮ್ನೆ ಇಣುಕಿದರೆ ತಳ ಕಾಣಬೇಕು. ನನ್ನ ಗಂಡನಿಗೆ ಗೋಡೆ ಬಣ್ಣಕ್ಕೆ ಹೊಂದುವ ಬಟ್ಟೆ ಬುಟ್ಟಿಗಳೇ ಇಷ್ಟ. ಅವು ಸೊಟ್ಟಗಾಗಿ ಕುಸಿಯುತ್ತವೆ, ಒಳಗೇನಿದೆ ಅಂತಲೂ ಕಾಣುವುದಿಲ್ಲ. ಗೊಂಬೆಗಳಿಗೆ ಮಾತ್ರ ಸರಿ ಅಂತ ಒಂದನ್ನು ಉಳಿಸಿಕೊಂಡಿದ್ದೇವೆ.

ಶೆಲ್ಫ್ ಎಷ್ಟೇ ಗಿಡ್ಡವಾಗಿರಲಿ, ಬ್ರಾಕೆಟ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಮಕ್ಕಳಿಗೆ ಅದು ಏಣಿಯೇ. ಅದರ ನೆತ್ತಿಯ ಮೇಲೆ ಮಗುವಿಗೆ ಆಸೆ ಹುಟ್ಟಿಸುವ ವಸ್ತು ಇಡಬೇಡಿ. ಭಾರದ್ದೆಲ್ಲ ಕೆಳಗಿನ ಅರೆಯಲ್ಲಿರಲಿ.

ಜಾಸ್ತಿ ತಲೆನೋವು ಕೊಡುವುದು ಬಿಲ್ಡಿಂಗ್ ಬ್ಲಾಕ್‌ಗಳು. ಬಣ್ಣಬಣ್ಣವಾಗಿ ವಿಂಗಡಿಸಿಟ್ಟ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಕೆಂಪು ರಾಶಿಯಲ್ಲಿ ಒಂದು ಸಣ್ಣ ಕೆಂಪು ತುಂಡು ಹುಡುಕಿ ನೋಡಿ, ಗೊತ್ತಾಗುತ್ತದೆ. ಬೇರೆ ಮಾಡುವುದಾದರೆ ಆಕಾರ ನೋಡಿ ಮಾಡಬೇಕು: ಚಕ್ರಗಳು ಒಂದು ಕಡೆ, ಚಪ್ಪಟೆ ತುಂಡುಗಳು ಒಂದು ಕಡೆ, ಉಳಿದದ್ದು ಒಟ್ಟಿಗೆ. ನಾನು ಅದನ್ನೂ ಮಾಡುವುದಿಲ್ಲ. ಅಂಚಿಗೆ ದಾರ ಪೋಣಿಸಿದ ದುಂಡನೆಯ ದಪ್ಪ ಬಟ್ಟೆ ಇದೆ. ಹಾಸಿದರೆ ಆಟದ ಜಾಗ, ದಾರ ಎಳೆದರೆ ಮೂಟೆ.

ಮಗಳಿಗೆ ಆರು ವರ್ಷ, ಮಗನಿಗೆ ಎರಡು. ಅವಳ ಆಟದ ಸಾಮಾನೇ ಅವನಿಗೆ ಅಪಾಯ. 3 ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 3.17 ಸೆಂ.ಮೀ. ಅಗಲದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ಆದ್ದರಿಂದ ಸಣ್ಣ ತುಂಡುಗಳ ಮೂಟೆ, ಅಯಸ್ಕಾಂತ, ಬಟನ್ ಸೆಲ್ ಇರುವ ಆಟಿಕೆ ಎಲ್ಲ ಬೀಗ ಹಾಕುವ ಕಪಾಟಿನಲ್ಲಿ. ಅಲ್ಲಿ ಮಾತ್ರ ಗಟ್ಟಿ ಮುಚ್ಚಳಕ್ಕೆ ನನ್ನ ಒಪ್ಪಿಗೆ ಇದೆ. ತೆಗೆದುಕೊಡುವುದೂ ಎತ್ತಿಡುವುದೂ ದೊಡ್ಡವರ ಕೆಲಸ.

ಸಾಮಾನೇ ಜಾಸ್ತಿಯಾದರೆ ಯಾವ ಡಬ್ಬವೂ ಸಾಲದು, ಅಲ್ವಾ? ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದ್ದರು. 4 ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. 2018ರಲ್ಲಿ ಬಂದ ಅಧ್ಯಯನ ಅದು. ನಮ್ಮಲ್ಲೂ ಅರ್ಧ ಸಾಮಾನು ಅಟ್ಟದಲ್ಲಿದೆ. ಬೇಜಾರಾದಾಗ ಅದಲುಬದಲು. ಅಟ್ಟದಿಂದ ಇಳಿದ ಹಳೇ ರೈಲಿಗೆ ಹೊಸದರಷ್ಟೇ ಮರ್ಯಾದೆ ಸಿಗುತ್ತದೆ.

ಪಜಲ್‌ಗಳ ರಟ್ಟಿನ ಪೆಟ್ಟಿಗೆ ಹರಿಯುವ ಮುಂಚೆಯೇ ಒಂದು ಕೆಲಸ ಮಾಡಿ. ಒಂದೊಂದು ಪಜಲ್‌ಗೂ ಒಂದು ಜಿಪ್ ಚೀಲ, ಒಂದು ನಂಬರ್. ಪ್ರತಿ ತುಂಡಿನ ಹಿಂದೆ ಅದೇ ನಂಬರ್ ಬರೆಯಿರಿ. ಸೋಫಾ ಕೆಳಗೆ ಸಿಕ್ಕ ತುಂಡು ಯಾವ ಚೀಲಕ್ಕೆ ಸೇರಬೇಕು ಅಂತ ಮಗಳೇ ನೋಡಿ ಹಾಕುತ್ತಾಳೆ.