ಟೊಯೊಟಾ ನಗರದಲ್ಲಿ ಒಂದು ದಿನ: ಕಾರಿನ ಕಾರ್ಖಾನೆಯಿಂದ ಮಗ್ಗದ ಮನೆಗೆ

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಹಾಯುವ ಎಳೆ, ಕಡಿದರೆ ಆ ಮಗ್ಗಗಳಿಗೆ ತಿಳಿಯುತ್ತಿರಲಿಲ್ಲ. ಅಪ್ಪನ ಕಣ್ಣಿಗೆ ಬೀಳುವವರೆಗೆ ಅವು ನೇಯುತ್ತಲೇ ಇರುತ್ತಿದ್ದವು, ಸೀರೆಯ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ಬಿಡುತ್ತಿತ್ತು, ಸೀರೆ ಕೊಳ್ಳುವವರು ಆ ಗೆರೆಯನ್ನು ತೋರಿಸಿ ಕೂಲಿ ಮುರಿದುಕೊಳ್ಳುತ್ತಿದ್ದರು. ಕಚೇರಿಯ ಕೆಲಸದ ಮೇಲೆ ಜಪಾನಿನ ನಗೋಯಾಕ್ಕೆ ಹೋದಾಗ ಸಿಕ್ಕ ಒಂದು ದಿನದ ಬಿಡುವನ್ನು ಟೊಯೊಟಾ ಕಾರ್ಖಾನೆ ನೋಡಲು ಮೀಸಲಿಟ್ಟ ನನಗೆ, ಆ ಗೆರೆ ಅಲ್ಲಿ ಮತ್ತೆ ನೆನಪಾದೀತು ಎಂಬ ಕಲ್ಪನೆಯೇ ಇರಲಿಲ್ಲ.

ಕಾರ್ಖಾನೆಯ ಭೇಟಿಗೆ ಶುಲ್ಕವಿಲ್ಲ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಿರಬೇಕು. ಉತ್ಪಾದನೆ ನಡೆಯುವ ದಿನಗಳಲ್ಲಿ ಮಾತ್ರ ಇದಕ್ಕೆ ಅರ್ಥವಿರುವುದರಿಂದ ವಾರದ ನಡುವಿನ ದಿನವನ್ನೇ ಆರಿಸಿಕೊಂಡೆ. ನಗೋಯಾದಿಂದ ಒಕಝಾಕಿಗೆ ರೈಲು, ಅಲ್ಲಿಂದ ಮತ್ತೊಂದು ಚಿಕ್ಕ ರೈಲಿನಲ್ಲಿ ಮಿಕಾವಾ-ಟೊಯೊಟಾ ನಿಲ್ದಾಣ, ಬಳಿಕ ಕಾಲ್ನಡಿಗೆ. ಈ ಊರಿನ ಹಳೆಯ ಹೆಸರು ಕೊರೊಮೊ. ಒಂದು ಕಾಲಕ್ಕೆ ಇದು ರೇಷ್ಮೆಯನ್ನು ನಂಬಿ ಬದುಕಿದ್ದ ಪಟ್ಟಣ. ರೇಷ್ಮೆಗೆ ಬೇಡಿಕೆ ಕುಸಿದ ಮೇಲೆ ಕಾರಿನ ಕಾರ್ಖಾನೆ ಬಂದು, 1959ರಲ್ಲಿ ಊರೇ ತನ್ನ ಹೆಸರನ್ನು ಟೊಯೊಟಾ ಎಂದು ಬದಲಿಸಿಕೊಂಡಿತು. ರೇಷ್ಮೆಯ ಊರಿನಿಂದ ಹೋದವನಿಗೆ ಈ ಸಂಗತಿಯನ್ನು ಹಗುರವಾಗಿ ದಾಟಿ ಹೋಗಲಾಗುವುದಿಲ್ಲ.

ಟೊಯೊಟಾ ಕೈಕಾನ್ ಎಂಬ ಪ್ರದರ್ಶನಾಲಯದಲ್ಲಿ ನಮ್ಮೆಲ್ಲರನ್ನೂ ಸೇರಿಸಿ, ಮಾರ್ಗದರ್ಶಿಯೊಬ್ಬರು ಬಸ್ಸಿನಲ್ಲಿ ತ್ಸುತ್ಸುಮಿ ಕಾರ್ಖಾನೆಗೆ ಕರೆದೊಯ್ದರು. 1970ರಲ್ಲಿ ಆರಂಭವಾದ ಈ ಕಾರ್ಖಾನೆ ಪ್ರಿಯಸ್ ಕಾರುಗಳಿಂದಾಗಿ ಹೆಸರಾದದ್ದು. ಒಳಗೆ ಚಿತ್ರ ತೆಗೆಯುವಂತಿಲ್ಲ. ಬೆಸುಗೆಯ ವಿಭಾಗದಲ್ಲಿ ರೋಬೋಟ್ ತೋಳುಗಳು ಬಾಗಿ ಏಳುವುದನ್ನೂ ಕಿಡಿಗಳು ಹಾರುವುದನ್ನೂ ಎಲ್ಲರೂ ಬೆರಗಿನಿಂದ ನೋಡಿದರು. ನನ್ನ ಮನಸ್ಸು ನೆಟ್ಟದ್ದು ಜೋಡಣೆಯ ವಿಭಾಗದಲ್ಲಿ.

ಅಲ್ಲಿ ನಾವು ನಡೆದದ್ದು ಕೆಲಸಗಾರರ ತಲೆಯ ಮೇಲೆ ಕಟ್ಟಿದ ಸೇತುವೆಯಂಥ ದಾರಿಯಲ್ಲಿ. ಕೆಳಗೆ ಬಗೆಬಗೆಯ ಕಾರುಗಳು ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು, ನಡೆಯುವ ವೇಗಕ್ಕಿಂತಲೂ ನಿಧಾನವಾಗಿ ಸಾಗುತ್ತಿದ್ದವು. ಯಾವ ಕಾರಿಗೂ ಬಾಗಿಲುಗಳಿರಲಿಲ್ಲ: ಒಳಗೆ ಕೈಯಾಡಿಸಿ ಕೆಲಸ ಮಾಡಲು ಅಡ್ಡಿಯಾಗದಿರಲೆಂದು ಬಣ್ಣ ಹಚ್ಚಿದ ಬಾಗಿಲುಗಳನ್ನು ಮೊದಲೇ ಕಳಚಿ, ಬೇರೊಂದು ಸಾಲಿನಲ್ಲಿ ಸಿದ್ಧಪಡಿಸಿ, ಕೊನೆಯಲ್ಲಿ ಅದೇ ಕಾರಿಗೆ ಮತ್ತೆ ಜೋಡಿಸುತ್ತಾರೆ. ಒಂದು ಕಾರಿಗೆ ಸುಮಾರು 30,000 ಬಿಡಿಭಾಗಗಳು ಬೇಕು. ಅವನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂರದೆ, ಯಾವ ಕಾರಿಗೆ ಯಾವುದು ಬೇಕೋ ಅದನ್ನು ಬೇಕಾದ ಹೊತ್ತಿಗೆ, ಬೇಕಾದಷ್ಟೇ ತರಿಸಿಕೊಳ್ಳುವ ಪದ್ಧತಿ ಇವರದು. ಬಿಡಿಭಾಗ ಹೊತ್ತ ಚಾಲಕರಿಲ್ಲದ ಗಾಡಿಗಳು ಪುಟ್ಟ ರಾಗವೊಂದನ್ನು ನುಡಿಸುತ್ತ ಓಡಾಡುತ್ತಿದ್ದವು.

ಇದ್ದಕ್ಕಿದ್ದಂತೆ ಬೇರೊಂದು ರಾಗ ಕೇಳಿಸಿತು. ಮೇಲೆ ತೂಗುಹಾಕಿದ್ದ ಫಲಕದಲ್ಲಿ ಒಂದು ಸಂಖ್ಯೆ ಹಳದಿಯಾಗಿ ಬೆಳಗಿತು. ಕೆಲಸಗಾರನೊಬ್ಬ ತನ್ನ ಪಕ್ಕದ ಹಗ್ಗವನ್ನು ಎಳೆದಿದ್ದ. ಏನೋ ಸರಿಯಾಗಿ ಕೂತಿಲ್ಲವೆಂಬ ಅನುಮಾನ ಬಂದರೂ ಸಾಕು, ಯಾರು ಬೇಕಾದರೂ ಆ ಹಗ್ಗ ಎಳೆಯಬಹುದು, ಎಳೆಯಲೇಬೇಕು ಎಂದು ಮಾರ್ಗದರ್ಶಿ ವಿವರಿಸಿದರು. ಹಗ್ಗ ಎಳೆದ ಕೂಡಲೇ ಸಾಲು ನಿಲ್ಲುವುದಿಲ್ಲ. ತಂಡದ ನಾಯಕ ಓಡಿ ಬರುತ್ತಾನೆ, ಕಾರು ಗೊತ್ತುಪಡಿಸಿದ ಗೆರೆಯನ್ನು ಮುಟ್ಟುವುದರೊಳಗೆ ತೊಂದರೆ ನೀಗಿದರೆ ಸಾಲು ಹಾಗೆಯೇ ಮುಂದುವರಿಯುತ್ತದೆ, ಇಲ್ಲವಾದರೆ ಅಲ್ಲಿ ನಿಲ್ಲುತ್ತದೆ. ಆ ದಿನ ನಿಲ್ಲಲಿಲ್ಲ. ನಾಯಕನೂ ಕೆಲಸಗಾರನೂ ಬಗ್ಗಿ ಏನೋ ಸರಿಪಡಿಸಿದರು, ರಾಗ ನಿಂತಿತು. ಆ ಕೆಲಸಗಾರನ ಮುಖದಲ್ಲಿ ಅಳುಕಿರಲಿಲ್ಲ, ನಾಯಕನ ಮುಖದಲ್ಲಿ ಸಿಟ್ಟಿರಲಿಲ್ಲ. ಇಡೀ ಕಾರ್ಖಾನೆಯಲ್ಲಿ ನಾನು ಕಂಡ ಅತ್ಯಂತ ದೊಡ್ಡ ಸಂಗತಿ ಇದೇ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ತಪ್ಪನ್ನು ಹೇಳಿದವನಿಗೆ ದಂಡ ಬೀಳುವ ಕಡೆ ಯಾರೂ ಹಗ್ಗ ಎಳೆಯುವುದಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದಾಗ ಮಾರ್ಗದರ್ಶಿ, “ಮಗ್ಗದಿಂದ. ಮಧ್ಯಾಹ್ನ ನಗೋಯಾದ ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಿ” ಎಂದರು.

ಟೊಯೊಟಾದ ಮೂಲಪುರುಷ ಸಕಿಚಿ ಟೊಯೊಡಾ 1911ರಲ್ಲಿ ನೇಯ್ಗೆಯ ಪ್ರಯೋಗಕ್ಕಾಗಿ ಕಾರ್ಖಾನೆ ಕಟ್ಟಿದ ಜಾಗದಲ್ಲೇ, ಹಳೆಯ ಕೆಂಪು ಇಟ್ಟಿಗೆಯ ಗೋಡೆಗಳನ್ನು ಉಳಿಸಿಕೊಂಡು, 1994ರಲ್ಲಿ ಈ ಸಂಗ್ರಹಾಲಯವನ್ನು ತೆರೆದಿದ್ದಾರೆ. 1867ರಲ್ಲಿ ಹುಟ್ಟಿದ ಸಕಿಚಿ ಬಡಗಿಯ ಮಗ. ಅವರು ಮೊದಲು ಮಾಡಿದ್ದು ಕೈಮಗ್ಗದ ಸುಧಾರಣೆ. ಸಾಲಾಗಿ ನಿಂತ ಯಂತ್ರಗಳ ನಡುವೆ 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗವಿತ್ತು. ಲಾಳಿಯೊಳಗಿನ ನೂಲು ಮುಗಿಯುವ ಹೊತ್ತಿಗೆ, ಮಗ್ಗದ ವೇಗ ಕುಗ್ಗದೆಯೇ, ಹೊಸ ಲಾಳಿ ತಾನಾಗಿ ಬಂದು ಕೂರುತ್ತದೆ. ಅಮ್ಮ ದಿನಕ್ಕೆ ಎಷ್ಟು ಸಲ ಮಗ್ಗ ನಿಲ್ಲಿಸಿ ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸುತ್ತಿದ್ದಳು ಎಂಬುದನ್ನು ಬಲ್ಲ ನಾನು ಅದನ್ನು ನೋಡುತ್ತ ಬಹಳ ಹೊತ್ತು ನಿಂತೆ. ಬಳಿಕ ಸಿಬ್ಬಂದಿಯೊಬ್ಬರು ಹಾಸಿನ ಒಂದು ಎಳೆಯನ್ನು ಬೇಕೆಂದೇ ಕಡಿದರು. ಆ ಎಳೆಯ ಆಸರೆಯಲ್ಲಿದ್ದ ಲೋಹದ ತೆಳು ಪಟ್ಟಿ ಕೆಳಗೆ ಜಾರಿತು, ಮಗ್ಗ ತಟ್ಟನೆ ನಿಂತಿತು.

ಈ ಮಗ್ಗಗಳನ್ನು ಮೂವತ್ತಕ್ಕೂ ಹೆಚ್ಚು ಸಂಖ್ಯೆಯಲ್ಲಿ ಒಬ್ಬರೇ ನೋಡಿಕೊಳ್ಳಬಹುದಾಗಿತ್ತು, ಏಕೆಂದರೆ ಎಳೆ ಎಳೆಯನ್ನೂ ಕಾಯುವ ಕೆಲಸ ಕಣ್ಣಿನದಾಗಿರಲಿಲ್ಲ. ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಇದರ ಪೇಟೆಂಟ್ ಹಕ್ಕಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಮರುವರ್ಷ ಸಕಿಚಿ ತೀರಿಕೊಂಡರು. ಮಗ ಕೀಚಿರೊ 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರಿನ ವಿಭಾಗ ತೆರೆದರು. 1936ರಲ್ಲಿ ಎಎ ಮಾದರಿಯ ಕಾರು ಹೊರಬಂತು, 1937ರಲ್ಲಿ ಟೊಯೊಟಾ ಪ್ರತ್ಯೇಕ ಕಂಪನಿಯಾಯಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಗಳು ಹೊರಬರತೊಡಗಿದಾಗ, ಅವುಗಳ ವಂಶದ ಬುಡದಲ್ಲಿ ಮಗ್ಗವೊಂದಿದೆ ಎಂದು ನಮ್ಮ ಬೀದಿಯ ನೇಕಾರರಲ್ಲಿ ಯಾರಿಗಾದರೂ ಗೊತ್ತಿದ್ದೀತೇ?

ಕಾರಿನ ವಿಭಾಗವೂ ವಿಸ್ತಾರವಾದದ್ದೇ. ಎಎ ಕಾರಿನ ಪ್ರತಿಕೃತಿ, ದೈತ್ಯ ಅಚ್ಚಿನ ಯಂತ್ರ, ಎಂಜಿನ್‌ಗಳು ಎಲ್ಲವೂ ಅಲ್ಲಿವೆ. ಕಾರುಗಳನ್ನು ಪ್ರೀತಿಸುವವರು ಅರ್ಧ ದಿನವನ್ನಾದರೂ ಅದಕ್ಕೆಂದೇ ಇಟ್ಟುಕೊಳ್ಳಬೇಕು. ನಾನು ಅದನ್ನು ಬೇಗ ಬೇಗ ಮುಗಿಸಿ, ಬಾಗಿಲು ಹಾಕುವ ಹೊತ್ತಿನವರೆಗೂ ಮತ್ತೆ ಆ ಮಗ್ಗದ ಮುಂದೆಯೇ ನಿಂತಿದ್ದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೂರು ವರ್ಷದ ಹಿಂದೆಯೇ ಅಂಥ ಮಗ್ಗವಿತ್ತೆಂದು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಎಳೆ ಕಡಿದಾಗ ನಿಂತಿತು, ಸರಿ. ಗಂಟು ಹಾಕಿದ್ದು ಯಾರು?”

“ಅಲ್ಲಿನ ಸಿಬ್ಬಂದಿಯವರೇ ಹಾಕಿದರು ಅಪ್ಪ, ಕೈಯಲ್ಲೇ.”

“ಗಂಟಿನ ತುದಿ ಕತ್ತರಿಸಿದರಾ?”

ಕತ್ತರಿಸಿದರು ಎಂದೆ. ಅಪ್ಪ “ಹಾಗಾದರೆ ಕೆಲಸ ಬಲ್ಲವರು” ಎಂದು ಹೇಳಿ, ಅಮ್ಮನಿಗೆ ಫೋನ್ ಕೊಟ್ಟರು.